ವೃತ್ತದ ಕೆಳಗೆ ಬರೆದ ಹೆಸರು

ಕಳೆದ ತಿಂಗಳು ಅಥಣಿ ಕಡೆ ನಮ್ಮ ತಮ್ಮನ ಬೀಗರ ದ್ರಾಕ್ಷಿ ತೋಟಕ್ಕೆ ಹೋಗಿದ್ದೆ. ಬಳ್ಳಿ ಕತ್ತರಿಸುವ ಚಾಟ್ನಿ ಮುಗಿದು ಔಷಧ ಹೊಡೆಯುವ ಕಾಲ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮೈಲುತುತ್ತ ಕರಗಿಸಿ ಮೇಲೆ ಸುಣ್ಣದ ನೀರು ಸುರಿಯುತ್ತಿದ್ದರು. ಆ ನೀಲಿ ನೀರಿನ ಕಟು ವಾಸನೆ ಮೂಗಿಗೆ ಬಡಿದಾಗ ನನಗೆ ನೆನಪಾದದ್ದು ಪುಸ್ತಕ. ಬೀಗರು, "ಹಿಂದ ಸರೀರಿ ಅಕ್ಕಾರ, ಸೀರಿಗೆ ಸಿಡದೀತು" ಅಂದರು. ಸರಿದು ನಿಂತೆ. ಮನಸ್ಸು ಮಾತ್ರ ಚಿಕ್ಕೋಡಿಯ ಒಂದು ಕಾಲೇಜಿನ ಗ್ರಂಥಾಲಯಕ್ಕೆ, ಎಂಬತ್ತರ ದಶಕದ ಒಂದು ಮಳೆಗಾಲಕ್ಕೆ ಹೋಗಿ ಕೂತಿತ್ತು.

ಆಗ ನಾನು ಅಲ್ಲಿ ಗ್ರಂಥಪಾಲಕಿ. ವಯಸ್ಸು ಇಪ್ಪತ್ತೆಂಟು. ಹುಡುಗರು ಎದುರಿಗೆ 'ಅಕ್ಕೋರ' ಅನ್ನುತ್ತಿದ್ದರು, ಬೆನ್ನ ಹಿಂದೆ 'ಕೀಲಿಕೈ' ಅನ್ನುತ್ತಿದ್ದರು. ಎರಡೂ ನನಗೆ ಗೊತ್ತಿತ್ತು. ಎರಡನೆಯದರ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಆ ವರ್ಷ ನಮ್ಮ ಕಾಲೇಜಿಗೆ ಹೊಸ ಪುಸ್ತಕ ಕೊಳ್ಳಲು ಮೇಲಿನಿಂದ ಮಂಜೂರಾತಿ ಬಂದಿತ್ತು. ಗೈಡುಗಳನ್ನು ತರುವ ಹಾಗಿಲ್ಲ. ಇತಿಹಾಸ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ಜಾನಪದ, ಇಂಥ ವಿಷಯಗಳಲ್ಲಿ ಹೊಸದಾಗಿ ಬಂದ ಸಂಶೋಧನೆಯ ಪುಸ್ತಕಗಳನ್ನೇ ತರಬೇಕು ಎಂಬ ಕರಾರು. ಬೆಳಗಾವಿಯಿಂದ, ಕೊಲ್ಹಾಪುರದಿಂದ ಬಸ್ಸಿನ ಟಪ್ಪಿನ ಮೇಲೆ ಪಾರ್ಸಲ್ಲುಗಳು ಬರುತ್ತಿದ್ದವು. ಸುತಳಿ ಬಿಚ್ಚುವುದು, ಮುಖಪುಟದ ಹಿಂದೆ ಕಾಲೇಜಿನ ಹೆಸರಿನ ಒಂದು ಶಿಕ್ಕೆ ಒತ್ತುವುದು, ಕಳ್ಳರಿಗೆ ಗೊತ್ತಾಗದ ಹಾಗೆ ಒಳಗಿನ ಐವತ್ತೊಂದನೆಯ ಪುಟದಲ್ಲಿ ಇನ್ನೊಂದು ಶಿಕ್ಕೆ ಒತ್ತುವುದು, ಕೊನೆಗೆ ತಾರೀಖಿನ ಚೀಟಿ ಅಂಟಿಸುವುದು. ಅಂಟನ್ನು ನಾನೇ ಸ್ಟೋವಿನ ಮೇಲೆ ಮೈದಾ ಕುದಿಸಿ ಮಾಡುತ್ತಿದ್ದೆ. ಜಿರಲೆ ತಿನ್ನಬಾರದು ಅಂತ ಅದಕ್ಕೊಂದು ಚಿಟಿಕೆ ಮೈಲುತುತ್ತ. ಇಷ್ಟೆಲ್ಲ ಆದ ಮೇಲೆ ಪುಸ್ತಕ ಗಾಜಿನ ಕಪಾಟು ಸೇರಿ, ಕೀಲಿಕೈ ನನ್ನ ಸೊಂಟ ಸೇರುತ್ತಿತ್ತು.

ಅಲ್ಲಿಂದ ಮುಂದೆ ಅವುಗಳನ್ನು ಯಾರೂ ಮುಟ್ಟುತ್ತಿರಲಿಲ್ಲ. ಹುಡುಗರಿಗೆ ಗೈಡು ಬೇಕು, ಮಾಸ್ತರರಿಗೆ ತಮ್ಮ ಹಳೆಯ ನೋಟ್ಸು ಸಾಕು. ಹೊಸ ಪುಸ್ತಕಗಳು ಹೊಸವಾಗಿಯೇ ಉಳಿಯುತ್ತಿದ್ದವು. ನನಗೂ ಅದೇ ಬೇಕಿತ್ತು. ಇತಿಹಾಸದ ದೇಸಾಯಿ ಸರ್ ಒಮ್ಮೆ ಒಂದು ಪುಸ್ತಕ ಒಯ್ದು ನಾಲ್ಕು ಪುಟಗಳಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ತಂದರು. ಅವರ ಕೈಗೆ ರಬ್ಬರು ಕೊಟ್ಟು, ಕೊನೆಯ ಗೆರೆ ಅಳಿಸುವವರೆಗೆ ಎದುರಿಗೇ ನಿಂತಿದ್ದೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಪಾಪ, ಅಳಿಸಿಯೇ ಹೋದರು.

ಹೀಗೆ ಬಂದ ಒಂದು ಪಾರ್ಸಲ್ಲಿನಲ್ಲಿ ದಪ್ಪ ರಟ್ಟಿನ ಇಂಗ್ಲಿಷ್ ಪುಸ್ತಕವೊಂದಿತ್ತು. ರಾಯಬಾಗ ತಾಲೂಕಿನ ಒಂದು ಹಳ್ಳಿಯ ಕುರಿಗಾರರ ಮನೆತನಗಳ ಬಗ್ಗೆ. ಪುಣೆಯ ಒಬ್ಬ ಸಮಾಜಶಾಸ್ತ್ರಜ್ಞೆ ಎಂಟು ವರ್ಷದ ಹಿಂದೆ ಆ ಊರಿನಲ್ಲೇ ವರ್ಷಕ್ಕಿಂತ ಹೆಚ್ಚು ಉಳಿದು, ಕನ್ನಡ ಕಲಿತು, ಮನೆಮನೆ ತಿರುಗಿ ಬರೆದದ್ದು. ಆಕೆಯನ್ನು ನಳಿನಿಬಾಯಿ ಅನ್ನೋಣ. ಅಂಥ ಪುಸ್ತಕಗಳಲ್ಲಿ ಊರಿನ ಹೆಸರನ್ನೂ ಜನರ ಹೆಸರನ್ನೂ ಬದಲಿಸಿ ಬರೆಯುವುದು ರೂಢಿ. ಯಾರಿಗೂ ತೊಂದರೆಯಾಗಬಾರದು ಅಂತ. ಇಲ್ಲಿ ನಾನೂ ಹಾಗೇ ಬದಲಿಸಿದ್ದೇನೆ. ಒಮ್ಮೆ ನಿಜ ಹೆಸರು ಬರೆದು ಪಟ್ಟ ಪಾಡು ಸಾಕು.

ಆದರೆ ನನ್ನ ಕಣ್ಣಿಗೆ ಮಣ್ಣೆರಚಲು ಆ ಪುಸ್ತಕಕ್ಕೆ ಆಗಲಿಲ್ಲ. ಮೂರನೆಯ ಪುಟದಲ್ಲೇ ಗೊತ್ತಾಗಿಹೋಯಿತು. ಹಳ್ಳದ ದಂಡೆಯ ಜೋಡಿ ಬೇವು, ಕಟ್ಟೆ ಒಡೆದ ಬಾವಿ, ಊರ ಮುಂದಿನ ಕುರಿ ದೊಡ್ಡಿ. ಅದು ನನ್ನ ಅಜ್ಜಿಯ ಊರು. ರಜೆಗೆ ಹೋದಾಗ ನೋಟುಬುಕ್ಕು ಹಿಡಿದು ಕಟ್ಟೆಯ ಮೇಲೆ ಕೂತಿದ್ದ ಆ ಪುಣೆಯ ಬಾಯಿಯನ್ನು ನಾನು ಒಮ್ಮೆ ನೋಡಿಯೂ ಇದ್ದೆ.

ಪುಸ್ತಕದ ಕೊನೆಗೆ ಮಡಚಿಟ್ಟ ದೊಡ್ಡ ಹಾಳೆ. ಅದರ ಮೇಲೆ ಊರಿನ ಮನೆತನಗಳ ವಂಶವೃಕ್ಷ. ಗಂಡಸಿಗೊಂದು ತ್ರಿಕೋನ, ಹೆಂಗಸಿಗೊಂದು ವೃತ್ತ. ಇಬ್ಬರ ನಡುವೆ ಜೋಡಿ ಗೆರೆ ಇದ್ದರೆ ಮದುವೆ. ಜೋಡಿ ಗೆರೆ ತುಂಡು ತುಂಡಾಗಿದ್ದರೆ ಉಡಿಕೆ. ಗಂಡ ಸತ್ತ ಹೆಂಗಸು ಇನ್ನೊಬ್ಬನ ಕೂಡ ಮನೆ ಹೂಡುವುದಕ್ಕೆ ನಮ್ಮ ಕಡೆ ಉಡಿಕೆ ಅನ್ನುತ್ತಾರೆ. ಬಾಜಾ ಇಲ್ಲ, ಪತ್ರಿಕೆ ಇಲ್ಲ. ಹೊತ್ತು ಮುಳುಗಿದ ಮೇಲೆ ನಾಲ್ಕು ಜನ ಹಿರಿಯರು ಕೂತು, ಹೊಸ ಸೀರೆ ಉಡಿಸಿ, ಬಳೆ ಇಡಿಸಿ, ಎಲೆ ಅಡಿಕೆ ಹಂಚಿ ಎದ್ದರೆ ಮುಗಿಯಿತು. ತಪ್ಪೇನೂ ಅಲ್ಲ. ಆದರೆ ಧಾರೆಯ ಮದುವೆಗಿರುವ ಮಾನ ಅದಕ್ಕಿಲ್ಲ, ಮಕ್ಕಳಿಗೆ ಹೆಣ್ಣುಗಂಡು ನೋಡುವಾಗ ಅದು ಎದ್ದು ಬರುತ್ತದೆ.

ಎರಡು ಸಂಜೆ ಪುಸ್ತಕ ಮನೆಗೊಯ್ದೆ. ಹೆಸರಿಲ್ಲದ ಆ ತ್ರಿಕೋನ, ವೃತ್ತಗಳನ್ನು ನೋಡುತ್ತ ಕೂತರೆ ಒಗಟು ಬಿಡಿಸಿದ ಹಾಗೆ. ಮೂವರು ಗಂಡುಮಕ್ಕಳಿದ್ದು ನಡುವಿನವನು ತೀರಿದ ಮನೆ ಯಾವುದು? ಹಿಟ್ಟಿನ ಗಿರಣಿಯವರದು. ಒಬ್ಬಳೇ ಮಗಳಿದ್ದ ಮನೆ ಯಾವುದು? ಪೆನ್ಸಿಲು ತೆಗೆದುಕೊಂಡು ಒಂದೊಂದರ ಕೆಳಗೂ ನಿಜ ಹೆಸರು ಬರೆಯುತ್ತ ಹೋದೆ. ದೇಸಾಯಿ ಸರ್‌ಗೆ ರಬ್ಬರು ಕೊಟ್ಟವಳು ನಾನೇ, ಇದನ್ನು ಮಾಡಿದವಳೂ ನಾನೇ. ಆಮೇಲೆ ಅಳಿಸಿದರಾಯಿತು ಅಂದುಕೊಂಡೆ. ಅಳಿಸಲಿಲ್ಲ. ಅಷ್ಟೂ ಹೆಸರು ಸರಿಹೊಂದಿದ್ದು ನೋಡಿ ನನಗೇ ಖುಷಿಯಾಗಿತ್ತು.

ಒಂದು ಕಡೆ ಮಾತ್ರ ಕೈ ನಿಂತಿತು. ಅಣ್ಣ ಭೀಮಪ್ಪ, ತಮ್ಮ ಸಿದ್ದಪ್ಪ. ಸಿದ್ದಪ್ಪನ ಪಕ್ಕದ ವೃತ್ತಕ್ಕೆ ಇದ್ದದ್ದು ತುಂಡು ಗೆರೆ. ಆ ವೃತ್ತದ ಇನ್ನೊಂದು ಬದಿಗೆ ಕಪ್ಪು ಬಳಿದ ತ್ರಿಕೋನ, ಅಂದರೆ ಸತ್ತ ಗಂಡ. ಮಗಳ ಪುಟ್ಟ ವೃತ್ತ ಇಳಿದಿದ್ದು ಆ ಕಪ್ಪು ತ್ರಿಕೋನದಿಂದ, ಸಿದ್ದಪ್ಪನಿಂದಲ್ಲ. ಹಾಗಾದರೆ ಸಿದ್ದಪ್ಪನ ಹೆಂಡತಿ ಲಗಮವ್ವನದು ಉಡಿಕೆ. ಮಗಳು ಕಸ್ತೂರಿ ಮೊದಲ ಗಂಡನವಳು. ಊರಿನವರು ಇದನ್ನು ನಮ್ಮ ತಲೆಮಾರಿನವರಿಗೆ ಬಾಯಿ ಬಿಟ್ಟಿರಲಿಲ್ಲ. ಸಿದ್ದಪ್ಪ ಕಸ್ತೂರಿಯನ್ನು ತನ್ನ ಮಗಳೆಂದೇ ಬೆಳೆಸಿ, ಹಾಗೆಂದೇ ಹೇಳಿ ಕೃಷ್ಣಾ ದಂಡೆಯ ಸತ್ತಿ ಎಂಬ ಊರಿಗೆ ಮದುವೆ ಮಾಡಿ ಕೊಟ್ಟಿದ್ದ. ನನಗೆ ಗುಟ್ಟು ಸಿಕ್ಕ ಸಂತೋಷ. ವೃತ್ತದ ಕೆಳಗೆ 'ಲಗಮವ್ವ' ಅಂತ ದುಂಡಗೆ ಬರೆದೆ.

ಬೇಸಿಗೆಯಲ್ಲಿ ಸಿದ್ದಪ್ಪ ಜ್ವರ ಬಂದು ತೀರಿಕೊಂಡ ಸುದ್ದಿ ಬಂತು. ಜೂನಿನಲ್ಲಿ ಮಿರಗದ ಮೊದಲ ಮಳೆ ಬಿದ್ದ ವಾರ ಗ್ರಂಥಾಲಯದ ಬಾಗಿಲಲ್ಲಿ ಲಗಮವ್ವ ನಿಂತಿದ್ದಳು. ತಲೆಯ ಮೇಲೆ ಕಂಬಳಿ ಕೊಪ್ಪೆ, ಕೈಯಲ್ಲಿ ಕೋರ್ಟಿನ ಕಾಗದ. ನಾನು ಚಿಕ್ಕವಳಿದ್ದಾಗ ಅಜ್ಜಿಯ ಮನೆಗೆ ಬೆಣ್ಣೆ ತಂದು ಕೊಡುತ್ತಿದ್ದವಳು, ನನ್ನನ್ನು ಎತ್ತಿ ಆಡಿಸಿದವಳು.

"ಅಕ್ಕೋರ, ಒಳಗ ಬರಬಹುದೇನ್ರಿ?"

"ಬಾ ಲಗಮಕ್ಕಾ. ನನಗ ಯಾಕ 'ರೀ' ಹಚ್ಚಿ ಮಾತಾಡತಿ?"

"ಊರಾಗ ಬ್ಯಾರೆ, ಇಲ್ಲಿ ಬ್ಯಾರೆ" ಅಂದು ಬಾಗಿಲ ಪಕ್ಕ ನೆಲದ ಮೇಲೇ ಕೂತಳು.

ಸಿದ್ದಪ್ಪನ ಪಾಲಿಗಿದ್ದದ್ದು ಬಾವಿ ಹೊಲ, ಮೂರು ಎಕರೆ, ನಿಂತ ಕಬ್ಬು. ಅದನ್ನು ಭೀಮಪ್ಪ ತನ್ನದು ಅನ್ನುತ್ತಿದ್ದ.

"ಭಾವ ಕೋರ್ಟಿನ್ಯಾಗ ಬರಸ್ಯಾನ್ರಿ, ನಾ ಅವರ ಹೇಣ್ತಿ ಅಲ್ಲಂತ. ಕುರಿ ಹಿಂದ ತಿರಗಾಕ ಇಟಗೊಂಡಿದ್ದ ಆಳಂತ. ಇಪ್ಪತ್ತೆರಡ ವರ್ಷ ಬಾಳೇವು ಮಾಡೇನ್ರಿ. ಲಗ್ನದ ಫೋಟೋ ತಾ, ಪತ್ರಿಕಿ ತಾ ಅಂತಾರ. ಎಲ್ಲಿಂದ ತರ್ಲಿ?"

"ಸಾಕ್ಷಿ ಯಾರೂ ಇಲ್ಲೇನ?"

"ಹಿರೇರು ಮೂರ ಮಂದಿ ಕುಂತಿದ್ರು. ಇಬ್ಬರು ಹೋದ್ರು. ಒಬ್ಬಾಂವ ಭಾವನ ಮನ್ಯಾಗ ಉಣ್ಣಾಕತ್ತಾನ."

ಆಗ ನನಗೆ ಪುಸ್ತಕದ ನೆನಪು ಬಂತು. ಸೊಂಟದ ಕೀಲಿಕೈ ತೆಗೆದು ಕಪಾಟು ತೆರೆದೆ. ಹಾಳೆ ಬಿಡಿಸಿ ಅವಳ ಮುಂದೆ ಹಾಸಿದೆ.

"ನಿಂದು ಪುಸ್ತಕದಾಗ ಬಂದೈತಿ ಲಗಮಕ್ಕಾ. ನೋಡು, ಇದು ನೀನು."

ಅವಳು ಬಗ್ಗಿ ನೋಡಿದಳು. "ಇಷ್ಟ ಗುಂಡಗ ಅದೀನೇನ್ರಿ ನಾನು?"

ಇಬ್ಬರೂ ನಕ್ಕೆವು. "ಇವರು?" ಅಂತ ತ್ರಿಕೋನದ ಮೇಲೆ ಹೆಬ್ಬೆರಳು ಇಟ್ಟಳು. ಹೌದೆಂದೆ. ಸ್ವಲ್ಪ ಹೊತ್ತು ಹೆಬ್ಬೆರಳು ಅಲ್ಲೇ ಇತ್ತು. ಆಮೇಲೆ ಕೇಳಿದಳು: "ನಡುವ ಈ ತುಂಡ ತುಂಡ ಗೆರಿ ಯಾತರದು?"

"ಅದು ಉಡಿಕಿ."

ಕೈ ಹಿಂದೆ ಹೋಯಿತು. "ನನ್ನ ಹೆಸರ ಐತೇನ್ರಿ ಇದರಾಗ?"

"ಅಚ್ಚಿನ್ಯಾಗ ಇಲ್ಲ. ನಾನ ಬರದೇನಿ, ಇಲ್ಲಿ" ಅಂದೆ, ದೊಡ್ಡ ಕೆಲಸ ಮಾಡಿದವಳ ಹಾಗೆ.

ಲಗಮವ್ವ ಹಾಳೆಯನ್ನು ತಾನೇ ಮಡಚತೊಡಗಿದಳು. ಕೊನೆಗೆ, "ಮುಚ್ಚಿ ಇಡ್ರಿ ಅಕ್ಕೋರ" ಅಂದು ಕೊಪ್ಪೆ ಏರಿಸಿಕೊಂಡು ಮಳೆಯಲ್ಲೇ ಹೊರಟಳು. ಅದು ಪುಸ್ತಕದ ಮೇಲಿನ ಗೌರವ ಅಂದುಕೊಂಡೆ. ಓದಿದವರ ಬುದ್ಧಿ ಇಷ್ಟೇ.

ಅವಳ ವಕೀಲರು ಕುಲಕರ್ಣಿಯವರು. ಮಧ್ಯಾಹ್ನ ಕೋರ್ಟು ಎದ್ದ ಮೇಲೆ ಪೇಪರು ಓದಲು ನಮ್ಮಲ್ಲಿಗೇ ಬರುತ್ತಿದ್ದರು. ಅವರಿಗೂ ಅವಳು ಬರೀ 'ಲಗ್ನ' ಅಂದಿದ್ದಳಂತೆ, ಉಡಿಕೆ ಅಂದಿರಲಿಲ್ಲ. ನಾನು ಹೇಳಿಬಿಟ್ಟೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯ ಮನುಷ್ಯ ಅವರು. "ಬಾಯಾರ, ಅಚ್ಚಾದ ಪುಸ್ತಕ! ಅದೂ ದಾವೇಕ್ಕಿಂತ ಮದಲ ಅಚ್ಚಾಗಿದ್ದು! ಇನ್ನೇನ ಬೇಕು?" ಅಂದರು. ನಿಂತ ಕಬ್ಬು ಕಾರ್ಖಾನೆಗೆ ಹೋಗುವುದರೊಳಗೆ ತೀರ್ಮಾನ ಬೇಕೆಂದು ಅವರು ಮೊದಲೇ ಕೇಳಿಕೊಂಡಿದ್ದರಿಂದ ತಾರೀಖುಗಳು ಬೇಗ ಬೇಗ ಬೀಳುತ್ತಿದ್ದವು. ಹದಿನೈದು ದಿನದಲ್ಲಿ ಪುಸ್ತಕ ಸಮೇತ ಹಾಜರಾಗಬೇಕೆಂದು ನನಗೆ ಸಮನ್ಸು ಬಂತು.

ಹೊಸ ಸೀರೆ ಉಟ್ಟು ಹೋದೆ. ಸಾಕ್ಷಿ ಕಟ್ಟೆ ಹತ್ತಿ, ಪುಸ್ತಕ ನಮ್ಮ ಗ್ರಂಥಾಲಯದ್ದು, ಇಂಥ ದಿನ ಬಂದದ್ದು, ಇದರಲ್ಲಿ ಸಿದ್ದಪ್ಪ ಮತ್ತು ಲಗಮವ್ವನ ಉಡಿಕೆ ದಾಖಲಾಗಿದೆ ಅಂದೆ. ತುಂಬಿದ ಕೋರ್ಟಿನಲ್ಲಿ ಆ ಶಬ್ದವನ್ನು ಮೊದಲು ಆಡಿದವಳು ನಾನು. ಭೀಮಪ್ಪ ಬೆಂಚಿನಿಂದ ತಿರುಗಿ ಲಗಮವ್ವನನ್ನು ನೋಡಿದ. ಅವಳು ಸೆರಗು ಹಣೆಯವರೆಗೆ ಎಳೆದುಕೊಂಡಳು.

ಭೀಮಪ್ಪನ ವಕೀಲರು ಎದ್ದರು. ಸಣ್ಣ ದನಿಯ ವಯಸ್ಸಾದ ಮನುಷ್ಯ.

"ಬಾಯಾರ, ಈ ಪುಸ್ತಕದಾಗ ಇವರ ಊರ ಹೆಸರ ಎಲ್ಲೈತಿ, ತೋರಸ್ರಿ."

"ಹೆಸರು ಬದಲಿಸಿದ್ದಾರೆ."

"ಮಂದಿ ಹೆಸರು?"

"ಅವನ್ನೂ ಬದಲಿಸಿದ್ದಾರೆ."

"ಹಂಗಾರ ಇಲ್ಲಿ ಲಗಮವ್ವ ಅಂತ ಪೆನ್ಸಿಲ್‌ಲೇ ಬರದವರು ಯಾರು?"

"ನಾನು."

"ಯಾವಾಗ?"

"ಸಿದ್ದಪ್ಪ ಇದ್ದಾಗಲೇ. ಬೇಸಿಗೆಗಿಂತ ಮೊದಲು."

"ಅದಕ್ಕ ಪುರಾವೆ?"

ಏನು ಪುರಾವೆ ಕೊಡಲಿ? ಪೆನ್ಸಿಲಿಗೆ ತಾರೀಖು ಇರುತ್ತದೆಯೇ? ಪುಸ್ತಕ ಕಾಯಬೇಕಾದವರೇ ಪುಸ್ತಕ ತಿದ್ದಿ ತಂದಿದ್ದಾರೆ ಸಾಹೇಬರೇ, ಅಂದು ಅವರು ಕೂತರು. ನ್ಯಾಯಾಧೀಶರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ ಮಡಚಿದರು. "ಬರೆದವರನ್ನ ಕರಸ್ರಿ. ಪುಸ್ತಕ ತಾನಾಗಿ ಮಾತಾಡೂದಿಲ್ಲ" ಅಂದರು.

ಮರುದಿನ ಗ್ರಂಥಾಲಯಕ್ಕೆ ಹೋದರೆ ನನ್ನ ಮೇಜಿನ ಮೇಲೆ ಹೊಸ ರಬ್ಬರು ಇತ್ತು. ದೇಸಾಯಿ ಸರ್ ಆ ಕಡೆ ಪೇಪರು ಓದುತ್ತ ಕೂತಿದ್ದರು. ತಲೆ ಎತ್ತಲಿಲ್ಲ. ನಾನು ರಬ್ಬರನ್ನು ಎತ್ತಿ ಡ್ರಾಯರಿನೊಳಗೆ ಹಾಕಿದೆ.

ಆ ರಾತ್ರಿಯೇ ನಳಿನಿಬಾಯಿಗೆ ಕಾಗದ ಬರೆದೆ. ದಯವಿಟ್ಟು ಬಂದು, ಆ ವೃತ್ತ ಯಾರದೆಂದು ಕೋರ್ಟಿಗೆ ಹೇಳಿ ಅಂತ. ಉತ್ತರ ಬರಲು ತಿಂಗಳು ಹಿಡಿಯಿತು. ತಡವಾಗಿ ಕಲಿತ ಕನ್ನಡದಲ್ಲಿ, ಅಕ್ಷರಗಳನ್ನು ಒತ್ತಿ ಒತ್ತಿ ಬರೆದಿದ್ದರು. ಬರಲು ಆಗುವುದಿಲ್ಲ. ಆ ಹೆಣ್ಣುಮಗಳೇ ನನ್ನ ಕೈಯಲ್ಲಿ ಚಿಂಚಲಿ ಮಾಯಕ್ಕ ದೇವಿಯ ಭಂಡಾರದ ಅರಿಷಿಣ ಹಾಕಿ, ತನ್ನ ಹೆಸರು ಎಲ್ಲೂ ಬರಬಾರದು ಅಂತ ಆಣೆ ಮಾಡಿಸಿಕೊಂಡಿದ್ದಾಳೆ. ನನಗೆ ದೇವರ ಮೇಲೆ ನಂಬಿಕೆ ಇಲ್ಲ, ಆದರೆ ಕೊಟ್ಟ ಮಾತಿನ ಮೇಲೆ ಇದೆ. ಒಬ್ಬರ ಒಳ್ಳೆಯದಕ್ಕೆ ಅದನ್ನು ಮುರಿದರೂ ನಾಳೆ ಇನ್ನೊಂದು ಊರಿನಲ್ಲಿ ಯಾರೂ ನನ್ನ ಮುಂದೆ ಬಾಯಿ ಬಿಡುವುದಿಲ್ಲ. ಹೀಗಿತ್ತು ಕಾಗದ.

ಅದು ಬಂದದ್ದು ನಾಗರ ಪಂಚಮಿ ಆದ ಮೂರನೆಯ ದಿನ. ಲಗಮವ್ವನೂ ಅದೇ ದಿನ ಕೋರ್ಟಿಗೆ ಬಂದಿದ್ದಳು. ಕರೆಸಿ ಕಾಗದ ಓದಿ ಹೇಳಿದೆ.

"ಹೌದು, ನಾನ ಆಣಿ ಮಾಡಸಿದ್ದೆ" ಅಂದಳು. ಈ ಸಲ 'ಅಕ್ಕೋರ' ಇರಲಿಲ್ಲ. 'ರೀ' ಕೂಡ ಇರಲಿಲ್ಲ.

"ಯಾಕ?"

"ಆಗ ಕಸ್ತೂರಿಗೆ ಸತ್ತ್ಯಾಗ ವರಾ ನೋಡಿದ್ವಿ. ಬೀಗರು ದೊಡ್ಡ ಮಂದಿ. ಉಡಿಕಿ ಹೆಂಗಸಿನ ಮಗಳು ಬ್ಯಾಡ ಅನ್ನಾವ್ರು. ನಮ್ಮ ಮನಿಯವರು ಇಕಿ ನನ್ನ ಮಗಳ ಅಂದ್ರು, ಭಾವನೂ ಕುಂತ ಹೂಂ ಅಂದ. ಆ ಪುಣೇದ ಬಾಯಿ ಎಲ್ಲಾ ಬರಕೊಂಡಿದ್ಲು, ಅದಕ್ಕ ಭಂಡಾರ ಮುಟ್ಟಸಿದೆ. ಕಸ್ತೂರಿಗೂ ಗೊತ್ತಿಲ್ಲ. ಅಕಿಗೆ ಅವರೇ ಅಪ್ಪ."

"ಇದನ್ನ ಮದಲ ಹೇಳಬೇಕಿಲ್ಲ ಲಗಮಕ್ಕಾ?"

ಆಗ ಅವಳಿಗೆ ಸಿಟ್ಟು ಬಂತು. ಅವಳ ಸಿಟ್ಟು ನಾನು ನೋಡಿದ್ದು ಅದೊಂದೇ ಸಲ. "ಏನ ಹೇಳಲಿ ತಂಗೀ? ಮುಚ್ಚಿ ಇಡು ಅಂದೆ. ನೀ ಒಯ್ದು ವಕೀಲಗ ಹೇಳಿದಿ, ನೂರ ಮಂದ್ಯಾಗ ನಿಂತ ಹೇಳಿದಿ. ನನ್ನ ಭಾವನ ಕೈಯಾಗ ಇದ್ದದ್ದ ಅದೊಂದ ಹಗ್ಗ. ಉಡಿಕಿ ಅಂತ ಬಾಯಿ ಬಿಟ್ರ ಮಗಳ ಮನಿ ಮುರೀತೈತಿ, ಬಿಡದಿದ್ರ ಹೊಲ ಹೋಗತೈತಿ ಅಂತ ಅಂವಗ ಗೊತ್ತಿತ್ತು. ನಾ ಹೊಲಾ ಬಿಡಾಕ ತಯಾರಾಗಿದ್ದೆ."

ಸತ್ತಿಗೆ ಸುದ್ದಿ ಎಂಟು ದಿನದಲ್ಲಿ ಮುಟ್ಟಿತ್ತಂತೆ. ಹೇಳಿ ಕಳಿಸಿದವನು ಭೀಮಪ್ಪನೇ. ಪಂಚಮಿಗೆ ತವರಿಗೆ ಬಾರದ ಹೆಣ್ಣುಮಗಳು ನಮ್ಮ ಕಡೆ ಇಲ್ಲ. ಜೋಕಾಲಿ ಕಟ್ಟಿ, ಉಂಡಿ ಕಟ್ಟಿ ಲಗಮವ್ವ ಮೂರು ದಿನ ಬಸ್ಸಿನ ಹಾದಿ ನೋಡಿದ್ದಳು. ಕಸ್ತೂರಿಯನ್ನು ಅವರು ಕಳಿಸಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಅದನ್ನು ಅಷ್ಟು ದಿನ ಬರೀ ಗಾದೆ ಅಂತ ತಿಳಿದಿದ್ದೆ. ಅವಳ ಮುಂದೆ ಅತ್ತುಬಿಟ್ಟೆ. ತಪ್ಪಾಯಿತು ಅಂದೆ. ಲಗಮವ್ವ ಸಮಾಧಾನ ಮಾಡಲಿಲ್ಲ, ಎದ್ದು ಹೋಗಲೂ ಇಲ್ಲ. ಮಳೆ ನಿಲ್ಲುವವರೆಗೆ ಕೂತಿದ್ದು, "ಮುಚ್ಚಿದ್ದು ಬಿಚ್ಚಿ ಹೋತು. ಇನ್ನ ಆಣಿ ಇದ್ದರೇನು, ಬಿಟ್ಟರೇನು? ಹೊಲಾನರ ಉಳೀಲಿ" ಅಂದಳು.

ಮುಂದಿನ ವಾರ ಚಿಂಚಲಿಗೆ ಹೋಗಿ ಗುಡಿಯಲ್ಲಿ ಕೈಮುಗಿದು ಭಂಡಾರ ತಂದಳು. ಪೇಪರಿನ ಪುಡಿಕೆಯಲ್ಲಿ ಅರಿಷಿಣದ ಪುಡಿ. ಅವಳು ಹೇಳಿದಂತೆ ನಾನು ಬರೆದೆ: 'ನೀ ಕೊಟ್ಟ ಮಾತು ನಾ ತಿರಗಿ ತಗೊಂಡೇನಿ. ನಿನಗ ದೋಷ ಇಲ್ಲ. ನನ್ನ ಹೆಸರು ಹೇಳು.' ಕೆಳಗೆ ಅವಳ ಹೆಬ್ಬೆಟ್ಟು. ರಿಜಿಸ್ಟರ್ ಮಾಡಲು ಹೋದರೆ ಪೋಸ್ಟಿನವರು ಲಕೋಟೆ ಅಮುಕಿ ನೋಡಿ, "ಇದರಾಗ ಏನೈತ್ರಿ?" ಅಂದರು. ಅರಿಷಿಣ ಅಂದೆ. ಪುಣೆಯಲ್ಲಿ ಅರಿಷಿಣ ಸಿಗುವುದಿಲ್ಲವೇನೋ ಅನ್ನುವ ಹಾಗೆ ಅವರು ನನ್ನ ಮುಖ ನೋಡಿದರು.

ನಳಿನಿಬಾಯಿ ಬಂದರು. ದಸರೆ ಕಳೆದ ಮೇಲಿನ ತಾರೀಖು. ಮಳೆ ಹೋಗಬೇಕಾದ ಕಾಲಕ್ಕೆ ಹೋಗದೆ ಬೆಳಗಿನಿಂದ ಜಿನುಗುತ್ತಿತ್ತು. ಕೊಲ್ಹಾಪುರದ ಬಸ್ಸಿನಿಂದ ಇಳಿದ ಅವರ ಬಗಲಲ್ಲಿ ಎಣ್ಣೆಬಟ್ಟೆಯಲ್ಲಿ ಸುತ್ತಿದ ಎಂಟು ವರ್ಷದ ಹಳೆಯ ನೋಟುಬುಕ್ಕು. ಕೋರ್ಟಿನ ವರಾಂಡದಲ್ಲಿ ಲಗಮವ್ವನ ಕೈ ಹಿಡಿದುಕೊಂಡರು. "ಬಂದಿ ಬಾಯಿ" ಅಂದಳು ಅವಳು, ಅಷ್ಟೇ.

ಸಾಕ್ಷಿ ಕಟ್ಟೆಯಲ್ಲಿ ನಿಂತು ನಳಿನಿಬಾಯಿ ಎಲ್ಲವನ್ನೂ ಸ್ಪಷ್ಟವಾಗಿ ಹೇಳಿದರು. ಊರಿನ ನಿಜ ಹೆಸರು, ವೃತ್ತ ಲಗಮವ್ವನದು, ತ್ರಿಕೋನ ಸಿದ್ದಪ್ಪನದು. ನೋಟುಬುಕ್ಕಿನ ಪುಟ ತೋರಿಸಿದರು. ಕುಲಕರ್ಣಿ ವಕೀಲರು ಗೆದ್ದವರ ಹಾಗೆ ಕೂತರು. ಸಣ್ಣ ದನಿಯ ಆ ವಕೀಲರು ಮತ್ತೆ ಎದ್ದರು.

"ಆ ಉಡಿಕೆ ಆದಾಗ ನೀವು ಆ ಊರಿನಲ್ಲಿ ಇದ್ದಿರೇನು?"

"ಇಲ್ಲ. ಅದು ನಾನು ಬರುವ ಬಹಳ ವರ್ಷ ಮೊದಲು."

"ನಿಮಗೆ ಹೇಳಿದವರು ಯಾರು?"

"ಲಗಮವ್ವ. ಊರಿನ ಇನ್ನೂ ಕೆಲವರು. ಅವರ ಹೆಸರು ಹೇಳಲಾರೆ."

"ಅಂದರೆ ನೀವು ಕಂಡದ್ದಲ್ಲ, ಕೇಳಿದ್ದು."

"ಕೇಳಿದ್ದು."

ಅಷ್ಟಕ್ಕೇ ಮುಗಿಯಿತು. ವರ್ಷಕ್ಕೂ ಮೀರಿದ ವಾಸ, ಮುನ್ನೂರು ಪುಟದ ಪುಸ್ತಕ, ಪದವಿ, ಹೆಸರು, ಎಲ್ಲ ಸೇರಿ ಒಂದು 'ಕೇಳಿದ್ದು.' ನಳಿನಿಬಾಯಿ 'ಹೌದು, ಕೇಳಿದ್ದು' ಅಂತ ಇನ್ನೊಮ್ಮೆ ಹೇಳಿ ಇಳಿದರು. ಅವರ ಮುಖದಲ್ಲಿ ನಾಚಿಕೆ ಇರಲಿಲ್ಲ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಆದರೆ ಲಗಮವ್ವನ ಹೊಲವೂ ಹೋಯಿತು, ಮಗಳೂ ಹೋದಳು ಅಂತ ನನಗೆ ಅನ್ನಿಸಿತು.

ಆಗ ಹಿಂದಿನ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ನಿಂತಿದ್ದು ಕಂಡಿತು. ಬಗಲಲ್ಲಿ ಕೂಸು, ಮೈಮೇಲಿನ ಸೀರೆ ಪೂರಾ ತೊಯ್ದಿತ್ತು. ಕಸ್ತೂರಿ. ಸತ್ತಿಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದಳು. ಗಂಡ ಹೊರಗೆ ಗೇಟಿನ ಹತ್ತಿರ ಕೊಡೆ ಹಿಡಿದು ನಿಂತಿದ್ದ, ಒಳಗೆ ಬರಲಿಲ್ಲ. ಅವಳು ನೇರ ಕುಲಕರ್ಣಿಯವರ ಹತ್ತಿರ ಹೋಗಿ ಏನೋ ಅಂದಳು. ಅವರು ನ್ಯಾಯಾಧೀಶರ ಅಪ್ಪಣೆ ಕೇಳಿದರು. ಕೂಸನ್ನು ನನ್ನ ತೊಡೆಯ ಮೇಲೆ ಇಟ್ಟು ಕಸ್ತೂರಿ ಸಾಕ್ಷಿ ಕಟ್ಟೆ ಹತ್ತಿದಳು.

"ನಾ ನೋಡೇನ್ರಿ" ಅಂದಳು.

"ಏನ ನೋಡಿದಿ?" ಅಂದರು ನ್ಯಾಯಾಧೀಶರು.

"ನಮ್ಮವ್ವನ ಉಡಿಕಿ."

ಲಗಮವ್ವ ಬೆಂಚಿನಿಂದ ಅರ್ಧ ಎದ್ದು ಮತ್ತೆ ಕೂತಳು. ಉಡಿಕೆಯನ್ನು ಹೆಂಗಸಿನ ಮೊದಲ ಗಂಡನ ಮಕ್ಕಳು ನೋಡಬಾರದು ಅನ್ನುವ ಕಟ್ಟಳೆ ಇದೆ. ಅದಕ್ಕೇ ಆ ಸಂಜೆ ಐದು ವರ್ಷದ ಕಸ್ತೂರಿಯನ್ನು ನೆರೆಮನೆಯಲ್ಲಿ ಮಲಗಿಸಿದ್ದರು.

"ನನಗ ಎಚ್ಚರ ಆತ್ರಿ. ಅವ್ವ ಕಾಣಲಿಲ್ಲಂತ ಅಳಕೋತ ಹೊರಗ ಬಂದೆ. ಓಣ್ಯಾಗ ದೊಡ್ಡಪ್ಪ ಇದ್ದ. ಎತ್ತಿ ಹೆಗಲ ಮ್ಯಾಲ ಕುಂಡ್ರಿಸಿಕೊಂಡ. ಅಳಬ್ಯಾಡ ಅಂತ ಬೆಲ್ಲಾ ಕೊಟ್ಟ. ಹೆಗಲ ಮ್ಯಾಲಿಂದ ಎಲ್ಲಾ ಕಾಣತಿತ್ರಿ. ಅವ್ವಗ ಹಸರ ಸೀರಿ ಉಡಿಸಿದ್ರು. ಬಳಿ ಇಡಿಸಿದ್ರು. ಅಪ್ಪ ಪಕ್ಕದಾಗ ಕುಂತಿದ್ದ."

ಆಮೇಲೆ ಯಾರ ಅಪ್ಪಣೆಯೂ ಇಲ್ಲದೆ ಭೀಮಪ್ಪನ ಕಡೆ ತಿರುಗಿದಳು. "ದೊಡ್ಡಪ್ಪಾ, ನಿನ್ನ ಹೆಗಲ ಮ್ಯಾಲ ಕುಂತ ನೋಡೇನಿ. ಹೌದೋ ಅಲ್ಲೋ, ನೀನ ಹೇಳು."

ನ್ಯಾಯಾಧೀಶರು ಅವಳಿಗೆ ಹಾಗೆ ಮಾತಾಡಬಾರದು ಅಂದರು. ಭೀಮಪ್ಪ ತಲೆಯ ಪಟಗಾ ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡು ನೆಲ ನೋಡುತ್ತ ಕೂತ. ಅಲ್ಲ ಅನ್ನುವುದು ಆ ಮನುಷ್ಯನಿಗೆ ಆಗಲಿಲ್ಲ. ಊಟದ ಬಿಡುವು ಮುಗಿದ ಮೇಲೆ ಅವನ ವಕೀಲರು, ನಮ್ಮವರು ರಾಜಿಗೆ ಒಪ್ಪಿದ್ದಾರೆ ಅಂದರು. ಬಾವಿ ಹೊಲ ಲಗಮವ್ವನ ಹೆಸರಿಗೆ ಆಯಿತು. ಆ ವರ್ಷದ ಕಬ್ಬು ಅವಳೇ ಕಾರ್ಖಾನೆಗೆ ಕಳಿಸಿದಳು.

ಸತ್ತಿಯ ಮನೆಯಲ್ಲಿ ಆಮೇಲೆ ಏನಾಯಿತೆಂದು ನನಗೆ ಪೂರ್ತಿ ಗೊತ್ತಿಲ್ಲ. ಅತ್ತೆ ಎರಡು ವರ್ಷ ಮಾತು ಬಿಟ್ಟಿದ್ದಳಂತೆ. ಗಂಡ ಬಿಡಲಿಲ್ಲ. ನಾನು ನಿಪ್ಪಾಣಿಗೆ ವರ್ಗವಾಗಿ ಹೋದೆ. ಪೆನ್ಸಿಲು ಹಿಡಿದು ಪುಸ್ತಕ ಓದುವವರನ್ನು ಆಮೇಲೆ ನಾನು ಬೈಯಲಿಲ್ಲ, ಹೊಗಳಲೂ ಇಲ್ಲ.

ಆ ದಿನ ರಾಜಿಯ ಕಾಗದ ಬರೆಯುವವರೆಗೆ ನಾವೆಲ್ಲ ಕೋರ್ಟಿನ ವರಾಂಡದಲ್ಲಿ ನಿಂತಿದ್ದೆವು. ಲಗಮವ್ವ ಮಗಳನ್ನು ಬರೀ ನೋಡುತ್ತಿದ್ದಳು.

"ಅತ್ತೀನ ಕೇಳಿ ಬಂದ್ಯೇನ?"

"ಕೇಳಲಿಲ್ಲ. ಬಂದೆ."

ಲಗಮವ್ವ ಮತ್ತೆ ಕೇಳಿದಳು. "ಹಂಗಾರ ನಿನಗ ಮದಲಿಂದ ಗೊತ್ತಿತ್ತೇನ ಬೇ? ಅವರು ನಿಮ್ಮಪ್ಪ ಅಲ್ಲಂತ?"

"ಅಪ್ಪ ಅಲ್ಲ ಅಂತ ಯಾರಂದ್ರು?" ಅಂದಳು ಕಸ್ತೂರಿ. "ಗೊತ್ತಿತ್ತು."

"ಇಷ್ಟ ವರ್ಷ ಒಂದ ಮಾತ ಅನಲಿಲ್ಲಲ್ಲ."

"ನೀ ಎಷ್ಟ ಕಷ್ಟಾ ಪಟ್ಟ ಮುಚ್ಚಿಡಾಕತ್ತಿದ್ದಿ. ನನಗ ಗೊತ್ತೈತಿ ಅಂತ ತಿಳದ್ರ ನಿನಗ ತಾಪ ಆಕ್ಕೈತಿ ಅಂತ ನಾನೂ ಮುಚ್ಚಿಟ್ಟೆ."

ಲಗಮವ್ವ ಮಗಳ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು, ಅದರ ನೀರು ಪೂರಾ ಇಳಿಯುವವರೆಗೆ ಹಿಂಡುತ್ತ ನಿಂತಳು.